ಬೆಟ್ಟದ ಮಂಜು, ಫಾರ್ ಹಾರ್ಬರ್ ಮಂಜು: ಡಿಎಲ್‌ಸಿಗೆ ದುಡ್ಡು ಯಾಕೆ ಕೊಡಬೇಕು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಇವತ್ತು ಗೇಮ್ ಬಗ್ಗೆ ಮಾತಾಡೋಣ. ಆದ್ರೆ ಶುರು ಮಾಡೋದು ಗುಂಡ್ಲುಪೇಟೆಯಿಂದ.

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು ಹೊರಟರೆ ಹಂಗಳ ಅನ್ನೋ ಊರು ಸಿಗುತ್ತೆ. ಅಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ. ಎರಡೂ ಕಡೆ ಹೊಲ. ಕಾಲ ಸರಿಯಾಗಿದ್ದರೆ ಚೆಂಡುಹೂವು, ಸೂರ್ಯಕಾಂತಿ, ಅದರ ಮಧ್ಯೆ ಸೆಲ್ಫಿ ತೆಗೆಯೋರು. ಬೆಟ್ಟದ ಬುಡದಲ್ಲಿ ಅರಣ್ಯ ಇಲಾಖೆಯ ಗೇಟು. ನಿಮ್ಮದು ಎಂಥ ಬೈಕಾದರೂ, ಎಂಥ ಕಾರಾದರೂ ಅಲ್ಲೇ ನಿಲ್ಲಬೇಕು. ಮೇಲಕ್ಕೆ ಹೋಗೋದು ಕೆಎಸ್‌ಆರ್‌ಟಿಸಿ ಬಸ್ಸು. ಹತ್ತುತ್ತಾ ಹತ್ತುತ್ತಾ ಗಾಳಿ ಬದಲಾಗುತ್ತೆ, ಬೆಳಕು ಬದಲಾಗುತ್ತೆ. 1,454 ಮೀಟರ್ ಎತ್ತರದಲ್ಲಿ ಇಳಿದರೆ ಕೆಳಗಿನ ಬಿಸಿಲಿಗೂ ಅಲ್ಲಿನ ಮಂಜಿಗೂ ಸಂಬಂಧವೇ ಇಲ್ಲ ಅನ್ನಿಸುತ್ತೆ. ನಿಯಮವೂ ಬೇರೆ. ಕಂಡಕಂಡಲ್ಲಿ ಓಡಾಡೋ ಹಾಗಿಲ್ಲ, ಸಂಜೆಯಾಗೋ ಮುಂಚೆ ಇಳಿದುಬಿಡಬೇಕು. ಇಳಿದು ಬಂದಾಗ ಗುಂಡ್ಲುಪೇಟೆ ಬಸ್ ಸ್ಟ್ಯಾಂಡು ಇದ್ದ ಹಾಗೇ ಇರುತ್ತೆ. ನೀವು ಮಾತ್ರ ಸ್ವಲ್ಪ ಬದಲಾಗಿರ್ತೀರಿ.

ಒಳ್ಳೆಯ ಡಿಎಲ್‌ಸಿ ಅಂದ್ರೆ ಹೆಚ್ಚುಕಡಿಮೆ ಇದೇ. ದೊಡ್ಡ ಊರು ಮೊದಲೇ ಇದೆ. ಅದಕ್ಕೆ ಅಂಟಿಕೊಂಡು ಇನ್ನೊಂದು ಜಾಗ, ಹೋಗೋಕೆ ಒಂದೇ ದಾರಿ, ಅಲ್ಲಿನ ಹವೆ ಬೇರೆ, ಕಟ್ಟುಪಾಡು ಬೇರೆ.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಚಾಮರಾಜನಗರ ಕಡೆಯ ಒಬ್ಬ ಕೇಳುಗ ಒಂದು ವಾಯ್ಸ್ ನೋಟ್ ಕಳಿಸಿದ್ದ. "ಅಣ್ಣ, ಫಾಲ್‌ಔಟ್ ನಾಕು ಸೇಲಲ್ಲಿ ತಗಂಡೆ ಕಣಣ್ಣ. ಈಗ ನೋಡುದ್ರೆ ಡಿಎಲ್‌ಸಿ ಅಂತ ಇನ್ನೂ ಆರು ಐತೆ, ಎಲ್ಲದಕ್ಕೂ ಬೇರೆ ಬೇರೆ ಕಾಸು. ಗೇಮ್‌ಗೆ ದುಡ್ಡು ಕೊಟ್ಟಾದ ಮೇಲೆ ಇನ್ನೂ ಯಾಕಣ್ಣ ಕೇಳ್ತದೆ?" ತುಂಬಾ ನ್ಯಾಯವಾದ ಪ್ರಶ್ನೆ. ಪಾಕೆಟ್ ಮನಿಯಿಂದ ಆಡೋರಿಗೆ ಇದು ಸಣ್ಣ ವಿಷಯ ಅಲ್ಲ. ಅದಕ್ಕೇ ಇವತ್ತಿನ ಸಂಚಿಕೆ.

ಫಾಲ್‌ಔಟ್ ಗೊತ್ತಿಲ್ಲದವರಿಗೆ ಎರಡು ಮಾತು. 2077ರ ಅಕ್ಟೋಬರ್ 23ರಂದು ಅಣುಯುದ್ಧ ಆಗಿ ಲೋಕ ಸುಟ್ಟುಹೋಗಿದೆ, ಅದಾದ ಎಷ್ಟೋ ವರ್ಷದ ಮೇಲೆ ಬದುಕುಳಿದವರ ಕಥೆ. ನೀವು ಒಂದು ಪಾತ್ರ ಆಗಿ ಆ ಬೂದಿ ನಾಡಿನಲ್ಲಿ ಅಲೆಯಬೇಕು. ಯಾರಿಗೆ ಸಹಾಯ ಮಾಡ್ತೀರಿ, ಯಾರಿಗೆ ಮೋಸ ಮಾಡ್ತೀರಿ ಅನ್ನೋದು ನಿಮಗೇ ಬಿಟ್ಟಿದ್ದು. 2024ರಲ್ಲಿ ಪ್ರೈಮ್ ವಿಡಿಯೊದಲ್ಲಿ ಸೀರಿಸ್ ಬಂತಲ್ಲ, ಅದೇ. ಫಾಲ್‌ಔಟ್ 3 ಬಂದಿದ್ದು 2008ರಲ್ಲಿ, ನ್ಯೂ ವೇಗಸ್ 2010ರಲ್ಲಿ, ಫಾಲ್‌ಔಟ್ 4 ಬಂದಿದ್ದು 2015ರಲ್ಲಿ.

ಈಗ ಡಿಎಲ್‌ಸಿ. ಡೌನ್‌ಲೋಡಬಲ್ ಕಂಟೆಂಟ್. ಇಳಿಸಿಕೊಳ್ಳುವ ಹೆಚ್ಚುವರಿ ಸರಕು. ಇದು ಅಪ್‌ಡೇಟ್ ಅಲ್ಲ, ಅಪ್‌ಡೇಟ್ ಬಿಟ್ಟಿ ಬರುತ್ತೆ. ಇದು ಬೇರೆ ಗೇಮೂ ಅಲ್ಲ, ಯಾಕಂದ್ರೆ ಮೂಲ ಗೇಮ್ ಇಲ್ಲದೆ ಇದೊಂದೇ ಓಡಲ್ಲ. ಪಿಸಿಯಲ್ಲಿ ಫಾಲ್‌ಔಟ್ 4ರ ಡೇಟಾ ಫೋಲ್ಡರ್ ತೆಗೆದು ನೋಡಿ. ಫಾರ್ ಹಾರ್ಬರ್ ಅನ್ನೋ ಡಿಎಲ್‌ಸಿ ಅಲ್ಲಿ 'ಡಿಎಲ್‌ಸಿಕೋಸ್ಟ್ ಡಾಟ್ ಇಎಸ್ಎಂ' ಅನ್ನೋ ಹೆಸರಿನ ಫೈಲಾಗಿ ಕೂತಿರುತ್ತೆ. ಜೊತೆಗೆ ಚಿತ್ರ, ಧ್ವನಿ ತುಂಬಿದ ದೊಡ್ಡ ಕಟ್ಟುಗಳು. ಗೇಮ್ ಶುರುವಾದಾಗ ಮೊದಲು ಮೂಲ ಫೈಲ್ ಓದುತ್ತೆ, ಆಮೇಲೆ ಡಿಎಲ್‌ಸಿ ಫೈಲ್‌ಗಳನ್ನ ಒಂದರ ಮೇಲೊಂದು ಓದುತ್ತೆ. ಒಂದೇ ವಿಷಯದ ಬಗ್ಗೆ ಎರಡು ಫೈಲ್‌ನಲ್ಲಿ ಬೇರೆ ಬೇರೆ ಬರೆದಿದ್ದರೆ, ಕೊನೆಗೆ ಓದಿದ್ದೇ ಗೆಲ್ಲುತ್ತೆ.

ನಾಡಕಚೇರಿಗೆ ಹೋಗಿ ಪಹಣಿ ತೆಗೆಸಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಜಮೀನು ಅದೇ, ಸರ್ವೆ ನಂಬರ್ ಅದೇ. ತಾತನ ಹೆಸರಲ್ಲಿದ್ದದ್ದು ಮ್ಯುಟೇಷನ್ ಆದ ಮೇಲೆ ಅಪ್ಪನ ಹೆಸರಿಗೆ ಬಂತು. ಹಳೆ ದಾಖಲೆ ಅಳಿಸಿಲ್ಲ, ಆದ್ರೆ ನಡೆಯೋದು ಹೊಸದು. ಡಿಎಲ್‌ಸಿ ಹೊಸ ಜಮೀನನ್ನೂ ಸೇರಿಸುತ್ತೆ, ಹಳೆ ಜಮೀನಿನ ಖಾತೆಯನ್ನೂ ತಿದ್ದಬಲ್ಲದು. ಅದಕ್ಕೇ ಡಿಎಲ್‌ಸಿ ಹಾಕಿ ಆಡಿ, ಸೇವ್ ಮಾಡಿ, ಆಮೇಲೆ ಅದನ್ನ ತೆಗೆದುಹಾಕಿದರೆ ಗೇಮ್ ಗೋಳಾಡುತ್ತೆ: ಈ ಸೇವ್‌ನಲ್ಲಿರೋ ಕೆಲವು ವಸ್ತು ಈಗ ಇಲ್ಲ ಅಂತ.

ಹೊಸ ಜಮೀನಾ, ಹಳೆ ಖಾತೆ ತಿದ್ದುಪಡಿಯಾ? ಈ ಒಂದು ಪ್ರಶ್ನೆ ನೆನಪಿಟ್ಟುಕೊಳ್ಳಿ. ದುಡ್ಡಿನ ಲೆಕ್ಕ ಎಲ್ಲಾ ಇಲ್ಲೇ ಇರೋದು.

ಫಾಲ್‌ಔಟ್ ಮಾಡೋ ಬೆಥೆಸ್ಡಾ ಕಂಪನಿಗೆ ಇದರಲ್ಲಿ ಹಳೇ ಇತಿಹಾಸ ಇದೆ. 2006ರ ಏಪ್ರಿಲ್‌ನಲ್ಲಿ ಅವರ ಇನ್ನೊಂದು ಗೇಮ್ ಒಬ್ಲಿವಿಯನ್‌ಗೆ ಒಂದು ಡಿಎಲ್‌ಸಿ ಬಂತು. ಏನದು? ಕುದುರೆಗೆ ಹಾಕೋ ಕವಚ. ಎರಡೂವರೆ ಡಾಲರ್. ಆಗಿನ ಲೆಕ್ಕದಲ್ಲಿ ನೂರು ರೂಪಾಯಿ ಮೇಲಾಯ್ತು. ಜನ ಉಗಿದರು, ನಕ್ಕರು, ಮೀಮ್ ಮಾಡಿದರು. ಇವತ್ತಿಗೂ ಯಾವುದಾದರೂ ಗೇಮ್ ಚಿಲ್ಲರೆ ವಸ್ತುಗೆ ದುಡ್ಡು ಕೇಳಿದರೆ 'ಹಾರ್ಸ್ ಆರ್ಮರ್' ಅಂತಲೇ ಬಯ್ಯೋದು. ಅದೇ ಕಂಪನಿ ಮರುವರ್ಷ ಅದೇ ಗೇಮ್‌ಗೆ ಶಿವರಿಂಗ್ ಐಲ್ಸ್ ಅಂತ ಒಂದು ಇಡೀ ಹುಚ್ಚು ರಾಜ್ಯವನ್ನ ಕೊಟ್ಟಿತು. ಕುದುರೆ ಕವಚ, ಶಿವರಿಂಗ್ ಐಲ್ಸ್, ಎರಡಕ್ಕೂ ಹೆಸರು ಡಿಎಲ್‌ಸಿ. ಅದಕ್ಕೇ ಡಿಎಲ್‌ಸಿ ಒಳ್ಳೇದಾ ಕೆಟ್ಟದಾ ಅಂತ ಕೇಳಿದರೆ ಉತ್ತರ ಸಿಗಲ್ಲ.

ಫಾಲ್‌ಔಟ್ 3ಕ್ಕೆ 2009ರ ಜನವರಿಯಿಂದ ಆಗಸ್ಟ್ ಒಳಗೆ ಐದು ಡಿಎಲ್‌ಸಿ ಬಂದವು. ನಾನು ಹೇಳಬೇಕಿರೋದು ಮೂರನೆಯದರ ಬಗ್ಗೆ. ಹೆಸರು ಬ್ರೋಕನ್ ಸ್ಟೀಲ್. ಇದಕ್ಕೆ ಮೂಲ ಗೇಮಿನ ಕೊನೆ ಹೇಳಲೇಬೇಕು, ಸ್ಪಾಯ್ಲರ್ ಬೇಡ ಅನ್ನೋರು ಒಂದು ನಿಮಿಷ ಮುಂದೆ ಓಡಿಸಿ. ವಾಷಿಂಗ್ಟನ್ ಸುತ್ತಮುತ್ತ ಕುಡಿಯೋ ನೀರಿಲ್ಲ, ಎಲ್ಲ ವಿಕಿರಣ ತುಂಬಿದ ನೀರು. ಶುದ್ಧೀಕರಣ ಯಂತ್ರ ಚಾಲೂ ಮಾಡೋಕೆ ಯಾರಾದರೂ ವಿಕಿರಣದ ಕೋಣೆಯೊಳಗೆ ಹೋಗಬೇಕು, ಹೋದವರು ಸಾಯ್ತಾರೆ. ಈಗ ನಿಮ್ಮ ಜೊತೆ ಫಾಕ್ಸ್ ಅನ್ನೋ ಒಬ್ಬ ಗೆಳೆಯ ಇದ್ದಾನೆ ಅಂದುಕೊಳ್ಳಿ. ಅವನಿಗೆ ವಿಕಿರಣ ಏನೂ ಮಾಡಲ್ಲ. ಇದಕ್ಕೂ ಮುಂಚೆ ನಿಮಗೋಸ್ಕರ ಅಂಥದ್ದೇ ಕೋಣೆಗೆ ಹೋಗಿ ಬಂದಿದ್ದಾನೆ. ಇಲ್ಲಿ ಕೇಳಿದರೆ ಏನಂತಾನೆ ಗೊತ್ತಾ? ಇದು ನಿನ್ನ ಹಣೆಬರಹ, ನಾನು ಅಡ್ಡ ಬರಲ್ಲ ಅನ್ನೋ ಥರ ಮಾತಾಡ್ತಾನೆ! ನೀವು ಹೋದರೂ ಸರಿ, ಇನ್ನೊಬ್ಬರನ್ನ ಕಳಿಸಿದರೂ ಸರಿ, ಗೇಮ್ ಮುಗೀತು. ಅಷ್ಟು ದೊಡ್ಡ ಲೋಕದ ಬಾಗಿಲು ಮುಚ್ಚಿತು.

ಬ್ರೋಕನ್ ಸ್ಟೀಲ್ ಬಂದು ಆ ಕೊನೆಯನ್ನ ತಿದ್ದಿತು. ಫಾಕ್ಸ್ ಒಪ್ಪಿಕೊಂಡು ಒಳಗೆ ಹೋಗ್ತಾನೆ. ನೀವೇ ಹೋದರೂ ಸಾಯಲ್ಲ, ಎರಡು ವಾರ ಆದಮೇಲೆ ಎಚ್ಚರ ಆಗುತ್ತೆ, ಕಥೆ ಮುಂದುವರಿಯುತ್ತೆ. ಲೆವೆಲ್ ಮಿತಿ 20ರಿಂದ 30ಕ್ಕೆ ಏರಿತು. ಬೆಲೆ 10 ಡಾಲರ್.

ಆಟವಾಗಿ ಅದು ಚೆನ್ನಾಗೇ ಇದೆ, ನಾನು ಇಲ್ಲ ಅನ್ನಲ್ಲ. ಆದ್ರೆ ಇದು ಹಳೆ ಖಾತೆ ತಿದ್ದುಪಡಿ. ಕೊನೆಯ ಎಪಿಸೋಡ್ ಸರಿ ಇರಲಿಲ್ಲ, ಸರಿಯಾದದ್ದು ಬೇಕಾದ್ರೆ ಇನ್ನೊಂದು ಟಿಕೆಟ್ ತಗೊಳ್ಳಿ ಅಂದ ಹಾಗೆ. ಬೇಕಂತಲೇ ಮುರಿದು ಆಮೇಲೆ ಮಾರಿದರು ಅಂತ ನಾನು ಹೇಳ್ತಿಲ್ಲ. ಆದ್ರೆ ಅವತ್ತು 10 ಡಾಲರ್ ಇಲ್ಲದ ಹುಡುಗನಿಗೆ ಸಿಕ್ಕಿದ್ದು ಅರ್ಥವಿಲ್ಲದ ಸಾವು, ಇದ್ದವನಿಗೆ ಸಿಕ್ಕಿದ್ದು ಮುಂದಿನ ಬದುಕು. ಈ ವ್ಯತ್ಯಾಸ ನನಗೆ ಇವತ್ತಿಗೂ ಸರಿ ಕಾಣಲ್ಲ.

ಇನ್ನು ನಮ್ಮ ದೇಶದಲ್ಲಿ ಏನಾಯ್ತು ಅಂತ ಕೇಳಿ. ಇಲ್ಲಿ ಕಥೆ ಗೋಪಾಲನ ಹತ್ತಿರಕ್ಕೇ ಬರುತ್ತೆ.

2008ರ ಅಕ್ಟೋಬರ್‌ನಲ್ಲಿ ಲೋಕವೆಲ್ಲಾ ಫಾಲ್‌ಔಟ್ 3ಕ್ಕೆ ಕಾಯ್ತಿದ್ದಾಗ, ಭಾರತದಲ್ಲಿ ಅದನ್ನ ಬಿಡುಗಡೆ ಮಾಡಲ್ಲ ಅಂತ ಮೈಕ್ರೋಸಾಫ್ಟ್ ಹೇಳಿತು. ಕೊಟ್ಟ ಕಾರಣ: ಇಲ್ಲಿನ ಸಾಂಸ್ಕೃತಿಕ ಸೂಕ್ಷ್ಮತೆ. ಯಾವ ಸೂಕ್ಷ್ಮತೆ ಅಂತ ಬಿಡಿಸಿ ಹೇಳಲಿಲ್ಲ. ಗೇಮರ್‌ಗಳೆಲ್ಲ ಬೆರಳು ತೋರಿಸಿದ್ದು ಒಂದು ಹಸುವಿನ ಕಡೆಗೆ. ಫಾಲ್‌ಔಟ್ ಲೋಕದಲ್ಲಿ ವಿಕಿರಣದಿಂದ ಎರಡು ತಲೆ ಬಂದಿರೋ ದನ ಇದೆ. ವ್ಯಾಪಾರಿಗಳು ಅದರ ಬೆನ್ನ ಮೇಲೆ ಮೂಟೆ ಹೇರಿಕೊಂಡು ಹೋಗ್ತಿರ್ತಾರೆ. ಅದರ ಹೆಸರು 'ಬ್ರಾಹ್ಮಿನ್'. ಕೆಲವರು ಅದನ್ನ ಸಾಕ್ತಾರೆ, ಹಾಲು ಕರೀತಾರೆ, ತಿಂತಾರೆ ಕೂಡ.

ಆ ಹೆಸರು ಎಲ್ಲಿಂದ ಬಂತು? ಅಮೆರಿಕದಲ್ಲಿ 'ಬ್ರಾಹ್ಮನ್' ಅನ್ನೋ ದನದ ತಳಿ ಇದೆ. ಗುಜರಾತಿನ ಗಿರ್, ಆಂಧ್ರದ ಒಂಗೋಲ್ ಇಂಥ ನಮ್ಮ ತಳಿಗಳನ್ನ ಅಲ್ಲಿಗೆ ಒಯ್ದು ಬೆಳೆಸಿದ್ದು. ಬಿಸಿಲು ತಡೆಯುತ್ತೆ, ಉಣ್ಣೆ ತಡೆಯುತ್ತೆ ಅಂತ ಅಲ್ಲಿನ ರೈತರಿಗೆ ಇಷ್ಟ. ಗೇಮಿನ ಹೆಸರು ಅಲ್ಲಿಂದಲೇ ಬಂದಿರಬೇಕು ಅನ್ನೋದು ಬಹಳ ಜನರ ಊಹೆ, ನನಗೂ ಹಾಗೇ ಅನ್ನಿಸುತ್ತೆ. ಅಂದ್ರೆ ನೋಡಿ, ನಮ್ಮ ದನ ಹಡಗು ಹತ್ತಿ ಅಮೆರಿಕಕ್ಕೆ ಹೋಯ್ತು, ಅಲ್ಲಿ ಹೆಸರು ಬದಲಾಯ್ತು, ಗೇಮಿನೊಳಗೆ ಹೊಕ್ಕು ಎರಡು ತಲೆ ಬೆಳೆಸಿಕೊಂಡಿತು. ವಾಪಸ್ ಊರಿಗೆ ಬರ್ತೀನಿ ಅಂದಾಗ ಬಾಗಿಲಲ್ಲೇ ತಡೆದರು. ಬೆಟ್ಟದ ಮೇಲೆ ಕೊಳಲು ಹಿಡಿದು ನಿಂತಿರೋ ಗೋಪಾಲಸ್ವಾಮಿಯನ್ನ ಯಾರೂ ಒಂದು ಮಾತು ಕೇಳಲಿಲ್ಲ! [ನಗು]

ತಮಾಷೆ ಬಿಡಿ, ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಇದು ಸರ್ಕಾರ ಹಾಕಿದ ನಿಷೇಧ ಅಲ್ಲ. ಕಂಪನಿ ತಾನೇ ತೆಗೆದುಕೊಂಡ ವ್ಯಾಪಾರದ ತೀರ್ಮಾನ. ಅದೇ ಗೇಮ್‌ಗೆ ಆಸ್ಟ್ರೇಲಿಯಾದಲ್ಲಿ ಮಾರ್ಫೀನ್ ಹೆಸರಿನ ವಿಷಯದಲ್ಲಿ ತಕರಾರು ಬಂತು, ಹೆಸರನ್ನ ಮೆಡ್-ಎಕ್ಸ್ ಅಂತ ಬದಲಾಯಿಸಿ ಮಾರಿದರು. ಆ ಬದಲಾವಣೆ ಲೋಕಕ್ಕೆಲ್ಲಾ ಹೋಯ್ತು. ಜಪಾನಿನಲ್ಲಿ, ಗೇಮಿನೊಳಗಿನ ಒಂದು ಊರನ್ನ ಅಣುಬಾಂಬ್ ಹಾಕಿ ಹಾರಿಸೋ ಆಯ್ಕೆಯನ್ನೇ ತೆಗೆದು ಮಾರಿದರು. ಹಿರೋಶಿಮಾ ಕಂಡ ದೇಶ, ಅರ್ಥ ಆಗುತ್ತೆ. ಆ ಎರಡು ಕಡೆ ತಿದ್ದಿ ಮಾರಿದವರು ಇಲ್ಲಿ ತಿದ್ದೋ ಗೋಜಿಗೇ ಹೋಗಲಿಲ್ಲ. ನನ್ನ ಅಂದಾಜು ಹೇಳ್ತೀನಿ: 2008ರಲ್ಲಿ ನಾವು ಅಷ್ಟು ಖರ್ಚು ಮಾಡಬೇಕಾದ ಮಾರುಕಟ್ಟೆ ಆಗಿರಲಿಲ್ಲ. ಸೂಕ್ಷ್ಮತೆಗಿಂತ ಲೆಕ್ಕಾಚಾರ ದೊಡ್ಡದಾಗಿತ್ತು. ಏಳು ವರ್ಷ ಆದಮೇಲೆ ಫಾಲ್‌ಔಟ್ 4 ಇಲ್ಲಿ ಮಾರಾಟಕ್ಕೆ ಬಂತು, ಅದೇ ಎರಡು ತಲೆಯ ದನದ ಸಮೇತ. ದೊಡ್ಡ ಗಲಾಟೆ ಏನೂ ಆಗಲಿಲ್ಲ.

ಡಿಎಲ್‌ಸಿಗೂ ಇದಕ್ಕೂ ಏನು ಸಂಬಂಧ? ಮೂಲ ಗೇಮೇ ಅಂಗಡಿಗೆ ಬರದಿದ್ದರೆ ಅದರ ಐದು ಡಿಎಲ್‌ಸಿಗೂ ಮುಂಬಾಗಿಲಿಂದ ಬರೋ ದಾರಿ ಇಲ್ಲ. ಹೊರದೇಶದ ಡಿಸ್ಕ್ ಯಾರೋ ತಂದುಕೊಟ್ಟರು ಅಂತಲೇ ಇಟ್ಟುಕೊಳ್ಳಿ. ಇಳಿಸೋಕೆ ನೆಟ್ ಎಲ್ಲಿತ್ತು? ಆಗ ನಮ್ಮ ಸರ್ಕಾರದ ನೀತಿಯ ಪ್ರಕಾರ 256 ಕೆಬಿಪಿಎಸ್ ಇದ್ದರೆ ಅದು ಬ್ರಾಡ್‌ಬ್ಯಾಂಡ್. ಆ ವೇಗದಲ್ಲಿ ಒಂದು ಜಿಬಿ ಇಳಿಸೋಕೆ ಸುಮಾರು ಒಂಬತ್ತು ಗಂಟೆ, ಅದೂ ಕರೆಂಟ್ ಹೋಗದೇ ಇದ್ದರೆ. 2009ರ ಕೊನೆಯಲ್ಲಿ ಐದೂ ಡಿಎಲ್‌ಸಿ ಸೇರಿಸಿ ಗೇಮ್ ಆಫ್ ದಿ ಇಯರ್ ಅಂತ ಒಂದೇ ಪೆಟ್ಟಿಗೆ ಬಂತು. ನಮ್ಮಂಥ ಕಡೆ ಬಹಳ ಜನ ಡಿಎಲ್‌ಸಿ ಅನ್ನೋದನ್ನ ಮೊದಲು ನೋಡಿದ್ದು ಡೌನ್‌ಲೋಡ್ ಆಗಿ ಅಲ್ಲ, ಹೀಗೆ ಡಿಸ್ಕಿನಲ್ಲಿ.

ಸರಿ. ಇನ್ನು ದುಡ್ಡು ಕೊಟ್ಟರೂ ಬೇಜಾರಾಗದ ಡಿಎಲ್‌ಸಿಗೆ ಬರೋಣ. ಫಾರ್ ಹಾರ್ಬರ್.

2016ರ ಮೇ 19ರಂದು ಬಂತು. ಬೆಲೆ 25 ಡಾಲರ್. ಕಡಿಮೆ ಏನಲ್ಲ. ಬೆಥೆಸ್ಡಾ ಅಲ್ಲಿವರೆಗೆ ಡಿಎಲ್‌ಸಿಗೆ ಅಂತ ಮಾಡಿದ್ದರಲ್ಲಿ ಅತಿ ದೊಡ್ಡ ಭೂಭಾಗ. ಮೂಲ ಗೇಮ್ ಬೋಸ್ಟನ್ ಸುತ್ತ ನಡೆಯುತ್ತೆ. ಇದು ಅಲ್ಲಿಂದ ಉತ್ತರಕ್ಕೆ, ಮೇನ್ ರಾಜ್ಯದ ಮೌಂಟ್ ಡೆಸರ್ಟ್ ಅನ್ನೋ ದ್ವೀಪ. ನಿಜವಾಗಿಯೂ ಇರೋ ಜಾಗ. ಅಲ್ಲಿ ಬಾರ್ ಹಾರ್ಬರ್ ಅಂತ ಊರಿದೆ, ಅಕೇಡಿಯಾ ಅನ್ನೋ ನ್ಯಾಷನಲ್ ಪಾರ್ಕ್ ಇದೆ. ಕಾಣೆಯಾದ ಕಸುಮಿ ಅನ್ನೋ ಹುಡುಗಿಯನ್ನ ಹುಡುಕಿಕೊಂಡು ನೀವು ದೋಣಿಯಲ್ಲಿ ಹೋಗ್ತೀರಿ. ಹೋಗೋ ದಾರಿ ಅದೊಂದೇ.

ಇಳಿದ ತಕ್ಷಣ ಕಾಣೋದು ಮಂಜು.

ನಮ್ಮ ಬೆಟ್ಟದ ಹೆಸರಲ್ಲೇ ಇದು ಇದೆ. ಹಿಮವದ್ ಅಂದ್ರೆ ಹಿಮ ಉಳ್ಳದ್ದು. ಇಲ್ಲಿ ಹಿಮ ಅಂದ್ರೆ ಸ್ನೋ ಅಲ್ಲ, ಮಂಜು. ಕೆಳಗಿನಿಂದ ಬರೋ ತೇವದ ಗಾಳಿ ಬೆಟ್ಟಕ್ಕೆ ತಾಗಿ ಮೇಲೇರುತ್ತೆ, ಏರುತ್ತಾ ತಣ್ಣಗಾಗುತ್ತೆ, ನೀರಾವಿ ಹನಿಯಾಗುತ್ತೆ. ಗರ್ಭಗುಡಿಯ ಬಾಗಿಲವಾಡದ ಮೇಲೆ ಸದಾ ತಂಪು ಪಸೆ, ಅರ್ಚಕರು ಆ ಹನಿಯನ್ನ ಭಕ್ತರ ಮೇಲೆ ಚಿಮುಕಿಸ್ತಾರೆ. ಇಲ್ಲಿ ಮಂಜು ತೀರ್ಥ. ಫಾರ್ ಹಾರ್ಬರ್‌ನಲ್ಲಿ ಮಂಜು ವಿಷ. ವಿಕಿರಣ ತುಂಬಿಕೊಂಡ ಮಂಜು, ಅದರೊಳಗಿಂದ ಏನೇನೋ ಎದ್ದು ಬರುತ್ತೆ. ಊರಿನವರು ದ್ವೀಪದ ಒಳನಾಡು ಬಿಟ್ಟು ಹಡಗುಕಟ್ಟೆಯ ಮೇಲೆ ಬಂದು ಕೂತಿದ್ದಾರೆ. ಮಂಜನ್ನ ತಡೆಯೋ ಯಂತ್ರಗಳನ್ನ ಸಾಲಾಗಿ ನಿಲ್ಲಿಸಿದ್ದಾರೆ. ಅವು ಓಡ್ತಿರೋವರೆಗೆ ಬದುಕು.

ಗೇಮ್‌ಗಳಿಗೆ ಮಂಜು ಹೊಸದಲ್ಲ. 1999ರಲ್ಲಿ ಸೈಲೆಂಟ್ ಹಿಲ್ ಬಂದಾಗ, ಮೊದಲ ಪ್ಲೇಸ್ಟೇಷನ್‌ಗೆ ದೂರದ ಕಟ್ಟಡ ಚಿತ್ರಿಸೋ ಶಕ್ತಿ ಇರಲಿಲ್ಲ ಅಂತ ಊರನ್ನೆಲ್ಲಾ ಮಂಜಿನಲ್ಲಿ ಮುಚ್ಚಿದರು. ಅದೇ ಭಯ ಹುಟ್ಟಿಸಿತು. ಆದ್ರೆ ಫಾರ್ ಹಾರ್ಬರ್‌ನಲ್ಲಿ ಮಂಜು ಬರೀ ಪರದೆ ಅಲ್ಲ, ಅದೇ ಜಗಳದ ಮೂಲ. ದ್ವೀಪದಲ್ಲಿ ಮೂರು ಗುಂಪು. ಬಂದರಿನ ಊರಿನವರಿಗೆ ಮಂಜು ಸಾವು. 'ಚಿಲ್ಡ್ರನ್ ಆಫ್ ಆಟಮ್' ಅನ್ನೋ ಪಂಥದವರಿಗೆ ಮಂಜು ದೇವರು, ಅದನ್ನ ತಡೆಯೋದೇ ಪಾಪ. ಮಧ್ಯೆ ಅಕೇಡಿಯಾ ಅನ್ನೋ ಜಾಗದಲ್ಲಿ ಸಿಂತ್‌ಗಳು, ಅಂದ್ರೆ ಮನುಷ್ಯರ ಥರವೇ ಇರೋ ಕೃತಕ ಜೀವಿಗಳು, ತಲೆಮರೆಸಿಕೊಂಡಿದ್ದಾರೆ. ಅವರ ಹಿರಿಯ ಡಿಮಾ. ಮೇಲ್ನೋಟಕ್ಕೆ ಸಾಧು. ಆದ್ರೆ ಶಾಂತಿ ಉಳಿಸೋಕೆ ಅಂತ ಅವನು ಹಿಂದೆ ಮಾಡಿರೋ ಕೆಲಸ ಗೊತ್ತಾದಾಗ ಮೈ ಜುಮ್ಮೆನ್ನುತ್ತೆ. ಅದನ್ನ ನಾನು ಹೇಳಲ್ಲ.

ನಿಮಗೆ ಸಿಗೋ ಆಯ್ಕೆಗಳು ಭಾರ. ಊರಿನ ಮಂಜು ತಡೆಯೋ ಯಂತ್ರಗಳನ್ನ ನಿಲ್ಲಿಸಬಹುದು, ಒಂದು ಊರು ಅಳಿಯುತ್ತೆ. ಪಂಥದವರ ಅಣ್ವಸ್ತ್ರ ಸಿಡಿಸಬಹುದು, ಅವರು ಅಳೀತಾರೆ. ಇಲ್ಲಾ, ಡಿಮಾ ಹೇಳೋ ಹಾಗೆ ಒಂದು ಕೊಲೆ, ಒಂದು ಸುಳ್ಳು ಒಪ್ಪಿಕೊಂಡು ಎಲ್ಲರನ್ನೂ ಉಳಿಸಬಹುದು. ಸಲೀಸಾದ ಒಳ್ಳೇ ದಾರಿ ಅಂತ ಇಟ್ಟಿಲ್ಲ.

ಇನ್ನೊಂದು ವಿಷಯಕ್ಕೆ ನಾನು ಇದಕ್ಕೆ ಕೈ ಮುಗೀತೀನಿ. ಡಿಮಾ ನಿಮ್ಮನ್ನ ಕೂರಿಸಿಕೊಂಡು ಕೇಳ್ತಾನೆ: ನಿನಗೆ ನೆನಪಿರೋ ಅತ್ಯಂತ ಹಳೇ ದಿನ ಯಾವುದು? ಮೂಲ ಗೇಮ್ ಶುರುವಾಗೋ ಬೆಳಗ್ಗೆ ಬಿಟ್ಟು ನಿಮಗೆ ಉತ್ತರ ಹೊಳೆಯಲ್ಲ, ಯಾಕಂದ್ರೆ ಆಟಗಾರನಾಗಿ ನಿಮಗೆ ಗೊತ್ತಿರೋದೇ ಅಷ್ಟು. ಹಾಗಾದ್ರೆ ನಾನೇ ಸಿಂತ್ ಆಗಿದ್ದರೆ? ಐವತ್ತು ಗಂಟೆ ಆಡಿದ ಗೇಮ್ ಪೂರ್ತಿ ತಿರುಗಿ ನೋಡಬೇಕಾಗುತ್ತೆ. ಹಳೇ ಕಥೆಯ ಒಂದು ಸಾಲನ್ನೂ ಅಳಿಸಿಲ್ಲ, ಕಿತ್ತುಕೊಂಡಿಲ್ಲ. ಹೊಸ ಜಾಗದಲ್ಲಿ ನಿಂತು ಹಳೇ ಊರನ್ನ ತೋರಿಸಿದರು. ಹೊಸ ಜಮೀನು ಅಂತ ನಾನು ಹೇಳಿದ್ದು ಇದನ್ನೇ.

ನ್ಯೂ ವೇಗಸ್‌ಗೆ 2011ರಲ್ಲಿ ಬಂದ ಆನೆಸ್ಟ್ ಹಾರ್ಟ್ಸ್ ಬಗ್ಗೆಯೂ ಎರಡು ಮಾತು. ಅದು ನಡೆಯೋದು ಯೂಟಾ ರಾಜ್ಯದ ಜಯಾನ್ ಕಣಿವೆಯಲ್ಲಿ, ಅದೂ ನಿಜವಾದ ನ್ಯಾಷನಲ್ ಪಾರ್ಕ್. ಹೋಗೋ ಮುಂಚೆ ವ್ಯಾಪಾರಿ ತಂಡದವರು ನಿಮ್ಮ ಗಂಟು ತೂಗ್ತಾರೆ. ಸಾಮಾನ್ಯವಾಗಿ 75 ಪೌಂಡ್ ಮೀರಿದರೆ ಕರ್ಕೊಂಡು ಹೋಗಲ್ಲ. ಯಾವ ಬಂದೂಕು ಬಿಡಲಿ, ಯಾವ ಔಷಧಿ ಹಿಡಿಯಲಿ ಅಂತ ಗೇಟಿನಲ್ಲೇ ಒದ್ದಾಟ. ಒಳಗೆ ಹೋದರೆ ಮಳೆ! ಮರಳುಗಾಡಿನ ಗೇಮಿನಲ್ಲಿ ಅಷ್ಟು ಹೊತ್ತು ಒಂದು ಹನಿ ಬಿದ್ದಿರಲ್ಲ. ಮುಖ್ಯ ಕಥೆ ನನಗೆ ಸುಮಾರು ಅನ್ನಿಸಿತು. ಆದ್ರೆ ಗುಹೆಗಳಲ್ಲಿ ಯುದ್ಧದ ಮೇಲೆ ಒಬ್ಬನೇ ಬದುಕಿದ್ದ ರಾಂಡಲ್ ಕ್ಲಾರ್ಕ್ ಅನ್ನೋನು ಬರೆದಿಟ್ಟ ದಿನಚರಿ ಸಿಗುತ್ತೆ. ಹುಡುಕದಿದ್ದರೆ ಸಿಗಲ್ಲ. ಅದಕ್ಕೋಸ್ಕರವೇ ಇನ್ನೊಂದು ಸಲ ಹೋಗಬಹುದು.

ಈಗ ನಮ್ಮ ಕೇಳುಗನ ಜೇಬಿಗೆ ಬರೋಣ. ಫಾಲ್‌ಔಟ್ 4ರ ಆರು ಡಿಎಲ್‌ಸಿಯಲ್ಲಿ ಹೆಸರಿನಲ್ಲೇ 'ವರ್ಕ್‌ಶಾಪ್' ಅಂತ ಇರೋದು ಮೂರು. ಅವು ಮನೆ ಕಟ್ಟೋ ಆಟದ ಸಾಮಾನು: ಪಂಜರ, ಕನ್ವೇಯರ್ ಬೆಲ್ಟು, ನೆಲದಡಿಯ ವಾಲ್ಟು. ಕಟ್ಟೋ ಹುಚ್ಚಿದ್ದವರಿಗೆ ಸರಿ, ಇಲ್ಲದವರಿಗೆ ಕುದುರೆ ಕವಚ. ಆಟೊಮಟ್ರಾನ್‌ನಲ್ಲಿ ರೋಬೋ ಕಟ್ಟಬಹುದು, ಕಥೆ ಚಿಕ್ಕದು. ನೂಕಾ ವರ್ಲ್ಡ್ ದೊಡ್ಡದು, ಆದ್ರೆ ನೀವು ದರೋಡೆಕೋರರ ನಾಯಕ ಆಗೋಕೆ ತಯಾರಿದ್ದರೆ ಮಾತ್ರ ಅದರ ರುಚಿ. ಒಂದೇ ಒಂದು ತಗೊಳ್ಳೋದಾದ್ರೆ ಫಾರ್ ಹಾರ್ಬರ್, ಕಣ್ಣು ಮುಚ್ಚಿಕೊಂಡು. ಇಲ್ಲಾಂದ್ರೆ 2017ರಲ್ಲಿ ಬಂದ ಗೇಮ್ ಆಫ್ ದಿ ಇಯರ್ ಕಟ್ಟು, ಎಲ್ಲಾ ಸೇರಿಸಿ, ಸೇಲ್ ಬಂದಾಗ ಬೆಲೆ ಪೂರಾ ಇಳಿಯುತ್ತೆ. ಕಾಯಿರಿ.

ಮುಂಚಿತವಾಗಿ ಸೀಸನ್ ಪಾಸ್ ತಗೊಳ್ಳೋ ವಿಷಯದಲ್ಲಿ ಮಾತ್ರ ಹುಷಾರು. 2015ರಲ್ಲಿ ಒಳಗೆ ಏನಿರುತ್ತೆ ಅಂತ ಹೇಳದೆಯೇ 30 ಡಾಲರ್‌ಗೆ ಪಾಸ್ ಮಾರಿದರು. 2016ರ ಮಾರ್ಚ್‌ನಿಂದ ಅದನ್ನೇ 50 ಮಾಡಿದರು. ಬೆಳೆ ನೋಡದೆ ಮುಂಗಡ ಕೊಟ್ಟ ಹಾಗೆ. ಅವತ್ತು ಕೊಟ್ಟವರಿಗೆ ಲಾಭವೇ ಆಯ್ತು, ನಿಜ. ಪ್ರತಿಸಲವೂ ಆಗಲ್ಲ.

"ಅಣ್ಣ, ನಾವು ಫೋನಲ್ಲಿ ಆಡೋರು, ನಮಗೇನು?" ಅಂತ ಕೇಳ್ತೀರಿ, ಗೊತ್ತು. ಫೋನಿನಲ್ಲಿ ಫಾಲ್‌ಔಟ್ ಶೆಲ್ಟರ್ ಇದೆ, 2015ರಿಂದ, ಉಚಿತ. ಅಲ್ಲಿ ದುಡ್ಡು ಕೊಟ್ಟು ತಗೊಳ್ಳೋ ಲಂಚ್‌ಬಾಕ್ಸ್ ಡಿಎಲ್‌ಸಿ ಅಲ್ಲ. ಒಳಗೆ ಏನಿದೆ ಅಂತ ತೆಗೆದ ಮೇಲೇ ಗೊತ್ತಾಗೋದು, ಅದು ಅದೃಷ್ಟದ ಚೀಟಿ. ಬಿಜಿಎಂಐ ಕ್ರೇಟ್ ಕೂಡ ಅದೇ ಜಾತಿ. ಡಿಎಲ್‌ಸಿಯಲ್ಲಿ ಕನಿಷ್ಠ ಏನು ತಗೊಳ್ತಿದ್ದೀನಿ ಅಂತ ಗೊತ್ತಿರುತ್ತೆ.

ಆದ್ರೆ ಎರಡರಲ್ಲೂ ಒಂದು ಅಪಾಯ ಸಮ. ನೀವು ತಗೊಳ್ಳೋದು ವಸ್ತು ಅಲ್ಲ, ಅನುಮತಿ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್ ನಿಷೇಧ ಆಯ್ತಲ್ಲ, ಆಗ ಕೂಡಿಸಿಟ್ಟ ಸ್ಕಿನ್‌ಗಳ ಕಥೆ ಏನಾಯ್ತು ನೆನಪಿದೆಯಾ? 2021ರಲ್ಲಿ ಬಿಜಿಎಂಐ ಬಂದಾಗ ಹಳೇ ಖಾತೆ ವರ್ಗಾಯಿಸೋಕೆ ಅವಕಾಶ ಕೊಟ್ಟರು, ಬಹಳ ಜನ ಉಸಿರು ಬಿಟ್ಟರು. 2022ರ ಜುಲೈನಲ್ಲಿ ಅದೂ ಸ್ಟೋರ್‌ನಿಂದ ಮಾಯ, 2023ರಲ್ಲಿ ಮತ್ತೆ ಬಂತು. ಪ್ರತಿಸಲ ಗೇಟಿನ ಬೀಗ ಬೇರೆಯವರ ಕೈಲಿತ್ತು. ಪಿಸಿಯಲ್ಲೂ ಹೀಗೇ. ಫಾಲ್‌ಔಟ್ 3 ಡಿಎಲ್‌ಸಿಯನ್ನ ಮೊದಲು ಮಾರಿದ್ದು ಮೈಕ್ರೋಸಾಫ್ಟಿನ 'ಗೇಮ್ಸ್ ಫಾರ್ ವಿಂಡೋಸ್ ಲೈವ್' ಅನ್ನೋ ಅಂಗಡಿ. 2013ರಲ್ಲಿ ಆ ಅಂಗಡಿ ಮುಚ್ಚಿತು. ಸ್ಟೀಮ್‌ನಲ್ಲಿರೋ ಪ್ರತಿಯಿಂದ ಆ ತಲೆನೋವು ಕಿತ್ತುಹಾಕಿದ್ದು 2021ರಲ್ಲಿ. ಬೀಗ ಬೇಡ ಅನ್ನೋರು ಜಿಒಜಿ ಅಂಗಡಿ ನೋಡಿ, ಅಲ್ಲಿ ಇನ್‌ಸ್ಟಾಲರ್ ಫೈಲನ್ನೇ ಕೊಡ್ತಾರೆ, ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬಹುದು.

ಕೊನೆಗೆ, ದುಡ್ಡು ಕೊಡೋ ಮಾತಲ್ಲ, ಮಾಡೋ ಮಾತು. 2024ರ ಜುಲೈನಲ್ಲಿ ಫಾಲ್‌ಔಟ್ ಲಂಡನ್ ಅಂತ ಒಂದು ಮಾಡ್ ಬಂತು. ಕಂಪನಿ ಮಾಡಿದ್ದಲ್ಲ, ಅಭಿಮಾನಿಗಳು ಸೇರಿ ಮಾಡಿದ್ದು. ಇಡೀ ಲಂಡನ್ ಊರು, ಹೊಸ ಕಥೆ, ಹೊಸ ಧ್ವನಿ, ಬೆಲೆ ಸೊನ್ನೆ. ಎಷ್ಟೋ ಡಿಎಲ್‌ಸಿಗಿಂತ ದೊಡ್ಡದು. ಓಡಿಸೋಕೆ ಮಾತ್ರ ಫಾಲ್‌ಔಟ್ 4 ಮತ್ತು ಅದರ ಎಲ್ಲ ಡಿಎಲ್‌ಸಿ ಬೇಕು, ಅದೂ 2024ರ ಏಪ್ರಿಲ್ ಅಪ್‌ಡೇಟ್‌ಗಿಂತ ಹಿಂದಿನ ಆವೃತ್ತಿ. ಆ ಅಪ್‌ಡೇಟ್ ಬಂದಿದ್ದರಿಂದಲೇ ಬಿಡುಗಡೆ ಮೂರು ತಿಂಗಳು ತಡ ಆಯ್ತು. ಬೇರೆಯವರ ಜಮೀನಿನಲ್ಲಿ ಮನೆ ಕಟ್ಟಿದರೆ ಹೀಗೆ. ಆದ್ರೂ ಕಟ್ಟಿದರು.

ಅವರು ಬಳಸಿದ ಕ್ರಿಯೇಷನ್ ಕಿಟ್ ಉಚಿತ. ಅಂದ್ರೆ ಗೋಪಾಲಸ್ವಾಮಿ ಬೆಟ್ಟದ ಒಂದು ಮಾಡ್ ಮಾಡೋಕೆ ಕಾಗದದ ಮೇಲೆ ಅಡ್ಡಿ ಏನಿಲ್ಲ. ನೆಲದ ಏರುತಗ್ಗಿನ ಅಂಕಿಅಂಶ ಇಸ್ರೊದ ಭುವನ್ ತಾಣದಲ್ಲೇ ಸಿಗುತ್ತೆ. ಕಷ್ಟ ಇರೋದು ಕಥೆಯಲ್ಲಿ. ದೇವಸ್ಥಾನವನ್ನ ರಾಕ್ಷಸರ ಗುಹೆ ಮಾಡಿ, ಆನೆಗೆ ಎರಡು ತಲೆ ಅಂಟಿಸಿದರೆ ಅದು ಕುದುರೆ ಕವಚವೇ. ಫಾರ್ ಹಾರ್ಬರ್ ಬರೆದವರು ಮೊದಲು ಕೇಳಿಕೊಂಡ ಪ್ರಶ್ನೆ, ಇಲ್ಲಿನ ಜನ ಯಾವುದಕ್ಕೆ ಹೆದರ್ತಾರೆ ಅಂತ ಇರಬೇಕು ಅನ್ನಿಸುತ್ತೆ ನನಗೆ. ಈ ಬೆಟ್ಟಕ್ಕೆ ಆ ಪ್ರಶ್ನೆ ಕೇಳಿದರೆ ಉತ್ತರ ಮಂಜಲ್ಲ. ಬೆಂಕಿ. 2019ರ ಫೆಬ್ರವರಿ ಕೊನೆಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಗೋಪಾಲಸ್ವಾಮಿ ಬೆಟ್ಟದ ವಲಯವೂ ಸುಟ್ಟಿತು. ಸಾವಿರಾರು ಎಕರೆ ಕರಕಲು, ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಬೇಕಾಯ್ತು. ಬೇಸಿಗೆಗೆ ಮುಂಚೆ ಬೆಂಕಿರೇಖೆ ತೆಗೆಯೋರು, ಒಣಗಿದ ಲಂಟಾನದ ಪೊದೆ, ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿಯೋ ವಾಚರ್, ರಾತ್ರಿ ಒಂಬತ್ತಕ್ಕೆ ಮುಚ್ಚೋ ಹೆದ್ದಾರಿ, ಕಾಡಂಚಿನಲ್ಲಿ ದನ ಮೇಯಿಸೋ ಮನೆಗಳು, ಅವರಿಗೂ ಇಲಾಖೆಗೂ ಇರೋ ತಿಕ್ಕಾಟ. ಮೂರು ಗುಂಪು ಅಲ್ಲೇ ಸಿಕ್ಕವು, ಪ್ರತಿಯೊಬ್ಬರಿಗೂ ಅವರದೇ ನ್ಯಾಯ ಇದೆ.

ನಿಮ್ಮಲ್ಲಿ ಯಾರಾದರೂ ಕಿಟ್ ತೆಗೆದು ಒಂದು ಗುಡ್ಡ ಎಬ್ಬಿಸಿದರೂ ಸಾಕು, ಸ್ಕ್ರೀನ್‌ಶಾಟ್ ಕಳಿಸಿ, ಇಲ್ಲೇ ಮಾತಾಡೋಣ. ಆಮೇಲೆ ನಮ್ಮ ಕೇಳುಗನಿಗೆ ಒಂದು ಕೊನೇ ಮಾತು: ಫಾರ್ ಹಾರ್ಬರ್ ತಗೊಂಡ ತಕ್ಷಣ ದೋಣಿ ಸಿಗಲ್ಲ ತಮ್ಮಾ. ಮೂಲ ಕಥೆಯಲ್ಲಿ 'ಗೆಟಿಂಗ್ ಎ ಕ್ಲೂ' ಅನ್ನೋ ಘಟ್ಟ ಮುಗಿಸು, ಆಮೇಲೆ ವ್ಯಾಲೆಂಟೈನ್ ಪತ್ತೇದಾರಿ ಆಫೀಸಿನಿಂದ ರೇಡಿಯೊದಲ್ಲಿ ಕರೆ ಬರುತ್ತೆ. ಹೋಗುವಾಗ ನಿಕ್ ವ್ಯಾಲೆಂಟೈನ್‌ನ ಜೊತೆಗೆ ಕರ್ಕೊಂಡು ಹೋಗು, ಡಿಮಾ ಮುಂದೆ ಅವನು ನಿಂತಾಗ ಯಾಕೆ ಅಂತ ಗೊತ್ತಾಗುತ್ತೆ. ವಿಕಿರಣ ಇಳಿಸೋ ರಾಡ್‌ಅವೇ ಜಾಸ್ತಿ ಇಟ್ಟುಕೋ.